ಏಳು ಕಪ್ಪು ಜೀರ್ಜಿಂಬೆಗಳ ವಿಳಾಸ

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿಗೆ ಕಾಲಿಡಬೇಕಾದರೆ, ಪ್ರಿನ್ಸಿಪಾಲರಾದರೂ ಸರಿ, ಮೊದಲು ಪಟ್ಟಲಮ್ಮನವರ ಪರೀಕ್ಷೆ ಪಾಸು ಮಾಡಬೇಕು. ಬಾಗಿಲ ಪಕ್ಕದಲ್ಲೇ ಅವರ ಸ್ಟೂಲು. ಕೈ ಒದ್ದೆಯಿದ್ದರೆ ಒಳಗೆ ಬಿಡುವುದಿಲ್ಲ. ಕೈಯಲ್ಲಿ ಟೀ ಲೋಟವಿದ್ದರಂತೂ ಮಾತೇ ಇಲ್ಲ. ಮದ್ದೂರಿಗೆ ವರ್ಗವಾಗಿ ಬಂದ ಮೊದಲ ವಾರ ನಾನು ಲೋಟ ಹಿಡಿದುಕೊಂಡೇ ಹೋಗಿದ್ದೆ. "ಕನ್ನಡ ಮೇಡಮ್ಮೋರೆ, ಸಕ್ರೆ ವಾಸ್ನೆಗೆ ಇರುವೆ ಬತ್ತವೆ. ಇರುವೆ ಬಂದ್ರೆ ನನ್ ಉಳಗಳ್ನೆಲ್ಲ ತಿಂದಾಕ್ತವೆ. ಆಚೆ ಕುಡ್ಕಂಡ್ ಬನ್ನಿ," ಅಂದರು. ಒಬ್ಬ ಅಟೆಂಡರು ನನಗೆ ಹೀಗೆ ಹೇಳುವುದೇ ಎಂದು ಸಿಟ್ಟು ನೆತ್ತಿಗೇರಿ ಸ್ಟಾಫ್‌ರೂಮಿನಲ್ಲಿ ದೂರಿದೆ. ಎಲ್ಲರೂ ನಕ್ಕರು. ಅಲ್ಲಿದ್ದವರೆಲ್ಲ ಒಂದಲ್ಲ ಒಂದು ದಿನ ಆ ಬಾಗಿಲಿನಿಂದ ವಾಪಸ್ಸು ಬಂದವರೇ.

ಪಟ್ಟಲಮ್ಮ ಕೊಪ್ಪದವರು. ಓದಿದ್ದು ಎಸ್ಸೆಸ್ಸೆಲ್ಸಿ. ಬೆಳಿಗ್ಗೆ ಎರಡು ಹಸುವಿನ ಹಾಲು ಕರೆದು ಡೈರಿಗೆ ಹಾಕಿ, ಗಂಡ ಹೊನ್ನಯ್ಯನವರಿಗೆ ರೊಟ್ಟಿ ಮಾಡಿಟ್ಟು, ಎಂಟೂಕಾಲರ ಬಸ್ಸು ಹಿಡಿಯುತ್ತಾರೆ. ಇಪ್ಪತ್ತಾರು ವರ್ಷದಿಂದ ಇದೇ ಲ್ಯಾಬು, ಇದೇ ಸ್ಟೂಲು. ಅವರ ಸುಪರ್ದಿಯಲ್ಲಿ ಗಾಜಿನ ಮುಚ್ಚಳದ ಇನ್ನೂರ ನಲವತ್ತು ಮರದ ಪೆಟ್ಟಿಗೆಗಳಿವೆ. ಹಿಂದೆಲ್ಲ ಬಿ.ಎಸ್ಸಿ. ಮಕ್ಕಳು ಹುಳಗಳನ್ನು ಹಿಡಿದು ತಂದು, ಸೂಜಿ ಚುಚ್ಚಿ, ಪೆಟ್ಟಿಗೆ ಒಪ್ಪಿಸಬೇಕಿತ್ತು. ಆ ಪದ್ಧತಿ ನಿಂತು ಹತ್ತು ವರ್ಷದ ಮೇಲಾಯಿತು. ಪೆಟ್ಟಿಗೆಗಳು ಮಾತ್ರ ಹಾಗೇ ಇವೆ. ತಿಂಗಳಿಗೊಮ್ಮೆ ಒಂದೊಂದನ್ನೂ ತೆಗೆದು, ನುಸಿಗುಳಿಗೆ ಬದಲಿಸಿ, ಮುರಿದ ಕಾಲು ಮೀಸೆಗಳನ್ನು ಗೋಂದಿನಲ್ಲಿ ಅಂಟಿಸಿ ಮತ್ತೆ ಜೋಡಿಸುತ್ತಾರೆ. ಮಾಡಿ ಎಂದು ಯಾರೂ ಹೇಳಿದ್ದಿಲ್ಲ, ಬೇಡವೆಂದು ಹೇಳುವ ಧೈರ್ಯವೂ ಯಾರಿಗಿಲ್ಲ.

ಪ್ರತಿ ಹುಳದ ಕೆಳಗೂ ಬೆರಳುಗುರಿನಷ್ಟು ಅಗಲದ ಒಂದು ಚೀಟಿ. ಊರು, ತಾರೀಖು, ತಂದವರ ಹೆಸರು. ಹುಡುಗರ ಕೋಳಿಕಾಲು ಬರಹ ಓದಲಾಗದೆ ಆಗಿನ ಮೇಷ್ಟ್ರು ಆ ಕೆಲಸವನ್ನು ಪಟ್ಟಲಮ್ಮನವರಿಗೆ ವಹಿಸಿದ್ದರಂತೆ. ಸಾಸಿವೆ ಕಾಳಿನಷ್ಟು ಸಣ್ಣ, ದುಂಡನೆಯ ಅಕ್ಷರ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದರೂ ನನಗೆ ಅಂಥ ಕೈಬರಹ ಬರುವುದಿಲ್ಲ. ಅದಕ್ಕೆ ಒಂದಿಷ್ಟು ಹೊಟ್ಟೆಕಿಚ್ಚೂ ಇದೆ.

ಮೂರು ವರ್ಷದ ಹಿಂದೆ ಪ್ರಾಣಿಶಾಸ್ತ್ರಕ್ಕೆ ರಘುನಂದನ್ ಎಂಬ ಮೇಷ್ಟ್ರು ಬಂದರು. ಮೈಸೂರು ಪೇಟೆಯಲ್ಲಿ ಹುಟ್ಟಿ ಬೆಳೆದವರು, ಒಳ್ಳೆಯವರು, ಸ್ವಲ್ಪ ಆತುರ. ಮಳವಳ್ಳಿ ದಾಟಿ ಹೊಳೆಯಾಚೆ ಏಳುವ ಗವಿಬೆಟ್ಟದ ಕಾಡಿನಲ್ಲಿ ಅವರು ಅರಣ್ಯ ಇಲಾಖೆಯ ಪರವಾನಗಿ ಪಡೆದು ಜೀರ್ಜಿಂಬೆಗಳ ಲೆಕ್ಕ ತೆಗೆಯುತ್ತಿದ್ದರು. ಜೀರ್ಜಿಂಬೆ ಯಾರಿಗೆ ಗೊತ್ತಿಲ್ಲ! ಮಳೆ ಬಿದ್ದ ಮೇಲೆ ಬರುವ, ಹೆಬ್ಬೆರಳ ಗಾತ್ರದ, ಮಿರಮಿರ ಮಿಂಚುವ ಹುಳ. ಗವಿಬೆಟ್ಟದಲ್ಲಿ ಅದರ ಒಂದು ಜಾತಿಗೆ ಮೂರು ಬಣ್ಣ. ಬುಡದ ಕುರುಚಲಲ್ಲಿ ಗಿಳಿಹಸಿರು, ನಡುಬೆಟ್ಟದ ಬಿದಿರಿನ ಹತ್ತಿರ ತಾಮ್ರ, ಮಂಜು ಕೂರುವ ನೆತ್ತಿಯ ಕಾಡಿನಲ್ಲಿ ನೀಲಿ ಬೆರೆತ ಕಪ್ಪು. ಇಷ್ಟೇ ಆಗಿದ್ದರೆ ಕಥೆಯಿಲ್ಲ. ನಮ್ಮ ಲ್ಯಾಬಿನ ಹಳೆ ಪೆಟ್ಟಿಗೆಗಳಲ್ಲಿ ಅವರಿಗೆ ಏಳು ಕಪ್ಪು ಜೀರ್ಜಿಂಬೆಗಳು ಸಿಕ್ಕವು. ಏಳರ ಚೀಟಿಯಲ್ಲೂ ಬಯಲಿನ ಊರುಗಳು: ಕೊಪ್ಪ, ಹೊಳಲು, ವೈದ್ಯನಾಥಪುರ, ಹೀಗೆ.

ಮೇಷ್ಟ್ರು ಕುಣಿದಾಡಿಬಿಟ್ಟರು. ಈಗ ಬಯಲಿನಲ್ಲಿ ಒಂದೂ ಕಪ್ಪು ಹುಳವಿಲ್ಲ. ಅಂದರೆ ಹದಿನೈದು ವರ್ಷದ ಕೆಳಗೆ ಇಲ್ಲೆಲ್ಲ ಇದ್ದದ್ದು ಅಷ್ಟರಲ್ಲೇ ಅಳಿದು ಬೆಟ್ಟದ ನೆತ್ತಿಗೆ ಸರಿದಿದೆ! ಇದನ್ನೇ ಮುಖ್ಯವಾಗಿಟ್ಟು ದೊಡ್ಡ ಲೇಖನ ಬರೆದರು. ತಿಂಗಳ ಕೊನೆಗೆ ಕಳಿಸಬೇಕು. ಅದೇ ಹೊತ್ತಿಗೆ ಪ್ರಿನ್ಸಿಪಾಲರು ಲ್ಯಾಬಿನ ಹಿಂದಿನ ಕೋಣೆಯನ್ನು ಕಂಪ್ಯೂಟರಿಗೆ ಕೊಡಬೇಕೆಂದು ತೀರ್ಮಾನಿಸಿದ್ದರು. ಪೆಟ್ಟಿಗೆಗಳನ್ನು ಏನು ಮಾಡುವುದು ಎಂದರೆ, "ನುಸಿ ಹಿಡಿದ ಹುಳ ಯಾರಿಗೆ ಬೇಕು, ಎಸೆಯಿರಿ," ಅಂದಿದ್ದರು. ರಘುನಂದನ್ ತಮ್ಮ ಲೇಖನ ತೋರಿಸಿ, ಈ ಪೆಟ್ಟಿಗೆಗಳಿಂದಲೇ ಕಾಲೇಜಿಗೆ ಹೆಸರು ಬರುತ್ತದೆ ಎಂದು ವಾದಿಸಿದಾಗ ಅವರು ಮೆತ್ತಗಾದರು. ಲೇಖನ ಅಚ್ಚಾದರೆ ಪೆಟ್ಟಿಗೆಗಳು ಉಳಿಯುತ್ತವೆ ಎಂಬಲ್ಲಿಗೆ ಬಂದು ನಿಂತಿತು.

ಆ ಸಂತೋಷದಲ್ಲಿ ಮೇಷ್ಟ್ರು ಒಂದು ಮಧ್ಯಾಹ್ನ ಪಟ್ಟಲಮ್ಮನವರನ್ನು ಕೂರಿಸಿಕೊಂಡು ಲೇಖನವನ್ನು ಕನ್ನಡದಲ್ಲಿ ವಿವರಿಸಿದರು. ಕೊನೆಯಲ್ಲಿ ಅವರ ಹೆಸರು ಹಾಕಿ ಕೃತಜ್ಞತೆ ಹೇಳಿದ್ದನ್ನೂ ತೋರಿಸಿದರು. ನಾನು ಸ್ಟೇಪ್ಲರ್ ಕೇಳಲು ಹೋಗಿದ್ದವಳು ಅಲ್ಲೇ ನಿಂತೆ. ಪಟ್ಟಲಮ್ಮನವರ ಮುಖದಲ್ಲಿ ಖುಷಿ ಕಾಣಲಿಲ್ಲ.

"ಬಯ್ಲಲ್ಲಿ ಕಪ್ ಜೀರ್ಜಿಂಬೆನಾ ಸಾ? ನಾ ಉಟ್ಟಾಗಿಂದ ಕೊಪ್ಪದಲ್ಲಿ ಅಸ್ರು ಬುಟ್ರೆ ಬ್ಯಾರೆದು ನೋಡಿಲ್ವಲ್ಲ."

"ನೀವು ನೋಡಿರಲಿಕ್ಕಿಲ್ಲ ಪಟ್ಟಲಮ್ಮ. ಆದರೆ ಚೀಟಿ ಇದೆಯಲ್ಲ, ನಿಮ್ಮ ಕೈಬರಹದ್ದೇ."

ಪಟ್ಟಲಮ್ಮ ಎದ್ದು ಹೋಗಿ ಆ ಏಳನ್ನೂ ತಂದರು. ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಮೇಷ್ಟ್ರು ಗಡಿಯಾರ ನೋಡಿಕೊಳ್ಳತೊಡಗಿದರು.

"ಸಾ, ಇಲ್ ನೋಡಿ. ಕುತ್ಗೆ ಸುತ್ತ ಒಂದ್ ಗೀಟೈತೆ. ಅಲ್ಲಿ ನುಣ್ಣನೆ ಕೂದ್ಲು ಸವ್ದೋಗೈತೆ. ಬೆಟ್ಟದಲ್ಲಿ ನೀವ್ ತೆಗ್ದಿರೋ ಫೋಟೋದಲ್ಲಿ ಇದಿಲ್ಲ. ಇದು ದಾರ ಕಟ್ಟಿದ್ ಗುರ್ತು."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಪೇಟೆಯವರಿಗೆ ಹೇಗೆ ಆಗಬೇಕು? ನಮ್ಮ ಕಡೆ ಜೀರ್ಜಿಂಬೆ ಸಿಕ್ಕರೆ ಕೊರಳಿಗೆ ದಾರ ಕಟ್ಟಿ ಹಾರಿಸುತ್ತಾರೆ, ಬೆಂಕಿಪೊಟ್ಟಣದಲ್ಲಿ ಸೊಪ್ಪು ಹಾಕಿ ಸಾಕುತ್ತಾರೆ, ಬೇಕಾದಲ್ಲಿಗೆ ಒಯ್ಯುತ್ತಾರೆ. ಶ್ರಾವಣ ಕಳೆದ ಮೇಲೆ ಈ ಸೀಮೆಯ ಎಷ್ಟೋ ಮನೆತನದವರು ಟ್ರ್ಯಾಕ್ಟರು ಕಟ್ಟಿಕೊಂಡು ಗವಿಬೆಟ್ಟದ ನೆತ್ತಿಯ ಗವಿಯಮ್ಮನಲ್ಲಿಗೆ ಹೋಗುತ್ತಾರೆ. ಅಲ್ಲೇ ಒಲೆ ಹೂಡಿ, ಅಡಿಗೆ ಮಾಡಿ, ನೆಂಟರಿಗೆಲ್ಲ ಬಡಿಸುತ್ತಾರೆ. ಅದಕ್ಕೆ ಪರ ಎನ್ನುತ್ತಾರೆ. ಜೀರ್ಜಿಂಬೆ ಬರುವುದೂ ಅದೇ ಕಾಲಕ್ಕೆ. ಬರುವಾಗ ಜೇಬಿನಲ್ಲಿ ಒಂದು ಬೆಂಕಿಪೊಟ್ಟಣ ಇದ್ದೇ ಇರುತ್ತದೆ.

ಇಷ್ಟನ್ನೂ ಪಟ್ಟಲಮ್ಮ ಮೇಷ್ಟ್ರಿಗೆ ಬಿಡಿಸಿ ಹೇಳಿದರು. ಆಮೇಲೆ ನನಗೂ ಮೇಷ್ಟ್ರಿಗೂ ಕೇಳುವಷ್ಟೇ ಮೆಲ್ಲಗೆ ಉಳಿದದ್ದನ್ನು ಹೇಳಿದರು. ಹುಡುಗರು ಬೆಂಕಿಪೊಟ್ಟಣದ ಮೇಲೆ ಹೆಸರು ಬರೆದು ಇವರ ಮೇಜಿನ ಮೇಲಿಟ್ಟು ಬಸ್ಸಿಗೆ ಓಡುತ್ತಿದ್ದರು. ಇವರು ಸಾವಕಾಶವಾಗಿ ಕೂತು ಚೀಟಿ ಬರೆಯುತ್ತಿದ್ದರು. ಊರಿನ ಹೆಸರಿಗೆ ಹುಡುಗರನ್ನು ಕಾದವರಲ್ಲ. ಆಫೀಸಿನ ಅಡ್ಮಿಷನ್ ರಿಜಿಸ್ಟರ್ ತೆಗೆದು, ಯಾರ ಊರು ಯಾವುದೋ ನೋಡಿ, ಅದನ್ನೇ ಇಳಿಸುತ್ತಿದ್ದರು.

"ಉಳದೂರ್ ಬರೀಬೇಕಿತ್ತು, ಉಡುಗ್ರೂರ್ ಬರ್ದಿವ್ನಿ ಸಾ. ತಪ್ಪು ನಂದೇಯ."

ರಘುನಂದನ್ ಮೇಜಿಗೆ ಆನಿಕೊಂಡು ಕೂತರು. ಎರಡು ವರ್ಷದ ದುಡಿಮೆ. ಆಗ ಅವರು ಹೇಳಿದ ಮಾತನ್ನು ನಾನು ಬರೆಯಬಾರದೇನೋ, ಆದರೆ ಅವರೇ ಒಪ್ಪಿದ್ದಾರೆ. "ಪಟ್ಟಲಮ್ಮ, ಈ ದಾರದ ವಿಷಯ ನಮ್ಮ ಮೂವರನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಲೇಖನವನ್ನು ಇದ್ದ ಹಾಗೇ ಕಳಿಸಿಬಿಡೋಣ. ಇಲ್ಲದಿದ್ದರೆ ನಿಮ್ಮ ಪೆಟ್ಟಿಗೆಗಳೂ ಹೋಗುತ್ತವೆ."

"ಓಗ್ಲಿ ಸಾ," ಅಂದರು ಪಟ್ಟಲಮ್ಮ. "ಇಲ್ದೇ ಇರೋ ಉಳ ಇತ್ತು ಅಂತ ನನ್ ಕೈ ಬರ್ದೈತೆ. ನೀವ್ ಅಚ್ಚಾಕುಸಿದ್ರೆ ನಾಳೆ ಯಾರೋ ಅದ್ನ ಉಡೀಕಂಡ್ ಬಯ್ಲೆಲ್ಲ ಅಲೀತಾರೆ. ಎಸ್ಟ್ ದಿನ ಐತೆ ನಿಮ್ಗೆ?"

"ಹದಿನೆಂಟು."

"ಅಷ್ಟ್ರೊಳ್ಗೆ ಏಳ್ ಜನಾನೂ ಉಡುಕ್ತೀನಿ."

ನಾನು ಸುಮ್ಮನೆ ಸ್ಟೇಪ್ಲರ್ ತೆಗೆದುಕೊಂಡು ಹೊರಟುಹೋಗಬಹುದಿತ್ತು. ಆದರೆ ನನ್ನ ಹತ್ತಿರ ಸ್ಕೂಟಿ ಇರುವುದು ಪಟ್ಟಲಮ್ಮನವರಿಗೆ ಗೊತ್ತಿತ್ತು. ಮಾರನೆಯ ಬೆಳಿಗ್ಗೆ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು, "ಮೇಡಮ್ಮೋರೆ, ಸಾಯಂಕಾಲ ಎಂಗೂ ಖಾಲಿ ತಾನೆ?" ಅಂದರು. ಅದು ಪ್ರಶ್ನೆಯಲ್ಲ, ಅಪ್ಪಣೆ.

ಚೀಟಿಯ ಏಳು ಹೆಸರಿಗೂ ರಿಜಿಸ್ಟರಿನಲ್ಲಿ ವಿಳಾಸ ಸಿಕ್ಕಿತು. ಪಟ್ಟಲಮ್ಮ ಒಂದು ನಿಯಮ ಮಾಡಿಕೊಂಡಿದ್ದರು. ಹುಳವನ್ನು ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಹೋಗುವುದು. ತೋರಿಸುವುದು. "ಇದು ನಿಮ್ಗೆ ಎಲ್ಲಿ ಸಿಕ್ತು?" ಎಂದಷ್ಟೇ ಕೇಳುವುದು. ಬೆಟ್ಟ ಎಂಬ ಮಾತು ನಮ್ಮ ಬಾಯಿಂದ ಮೊದಲು ಬರಕೂಡದು. ಬಂದರೆ ಅವರು ನಮ್ಮನ್ನು ಮೆಚ್ಚಿಸಲು ಹೂಂ ಅಂದುಬಿಡುತ್ತಾರೆ.

ಕೊಪ್ಪದ ಯತೀಶ್ ಈಗ ಖಾಸಗಿ ಬಸ್ಸಿನ ಕಂಡಕ್ಟರ್. ನಿಲ್ದಾಣದಲ್ಲಿ ಟಿಕೆಟ್ ಹರಿಯುತ್ತಲೇ ಪೆಟ್ಟಿಗೆಗೆ ಕಣ್ಣು ಹಾಕಿ, "ಅಯ್ಯೋ, ಪಟ್ಟಕ್ಕ, ಇದಿನ್ನೂ ಐತಾ!" ಎಂದು ಕೂಗಿದ. ಗವಿಯಮ್ಮನ ಪರದ ದಿನ ಹಿಡಿದದ್ದಂತೆ. ಯಾವ ಮರ ಎಂಬುದನ್ನೂ ಹೇಳಿದ. ಭಾಗ್ಯಲಕ್ಷ್ಮಿ ಎಂಬ ಹುಡುಗಿ ಈಗ ಶಾಲೆಯೊಂದರ ಟೀಚರ್. ಅವಳು ತಾನು ಹಿಡಿಯಲೇ ಇಲ್ಲವೆಂದೂ, ಬೆಟ್ಟಕ್ಕೆ ಹೋಗಿ ಬಂದ ಅತ್ತೆ ಮಗನಿಂದ ಎರಡು ಪೆನ್ನು ಕೊಟ್ಟು ಪಡೆದದ್ದೆಂದೂ ನಾಚಿಕೊಂಡು ಒಪ್ಪಿದಳು. ಆ ಅತ್ತೆ ಮಗನಿಗೂ ಫೋನ್ ಹೋಯಿತು. ಇನ್ನೂ ಮೂವರು ಹೀಗೇ ಸಿಕ್ಕರು. ಒಬ್ಬರನ್ನು ಹುಡುಕಲು ಎರಡು ಸಲ ಮಂಡ್ಯಕ್ಕೆ ಹೋದೆವು. ಮೊದಲನೆಯ ಸಲ ಮಳೆಗೆ ಸಿಕ್ಕಿ ತೊಯ್ದು ತೊಪ್ಪೆಯಾದೆ. ಪಟ್ಟಲಮ್ಮ ಪೆಟ್ಟಿಗೆಯನ್ನು ಸೆರಗಿನೊಳಗೆ ಮುದುರಿಕೊಂಡು ಕೂತಿದ್ದರು. ನನ್ನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಿಡಿಯೋಣವೆಂದು ಅವರಿಗೆ ತೋಚಲೇ ಇಲ್ಲ.

ಹೊಳಲಿನಲ್ಲಿ ತಪ್ಪು ಮಾಡಿದವಳು ನಾನು. ಹಾಲಿನ ಡೈರಿಯಲ್ಲಿದ್ದ ಹೇಮಂತ್ ಹುಳ ನೋಡಿ ತಲೆ ಕೆರೆದುಕೊಂಡ. ನೆನಪಾಗುತ್ತಿಲ್ಲ ಅಂದ. ಸಂಜೆಯಾಗುತ್ತಿತ್ತು, ನನಗೆ ಮನೆ ಸೇರುವ ಆತುರ. "ಗವಿಬೆಟ್ಟಕ್ಕೆ ಹೋದಾಗ ಹಿಡಿದಿರಬಹುದಾ?" ಅಂದುಬಿಟ್ಟೆ.

"ಆಂ, ಅದೇ ಕಣ್ ಮೇಡಂ! ಬೆಟ್ಟದಲ್ಲೇಯ!" ಅಂದ ಹೇಮಂತ್.

ಪಟ್ಟಲಮ್ಮ ಪೆಟ್ಟಿಗೆ ಮುಚ್ಚಿ ಎದ್ದರು. ಸ್ಕೂಟಿ ಊರು ದಾಟಿತು. ಆಮೇಲೆ ಹಿಂದಿನಿಂದ ಶುರುವಾಯಿತು. "ನಿಮ್ ನಾಲ್ಗೆ ಒಂದ್ ಗಳ್ಗೆ ಸುಮ್ಕಿರಕ್ಕಾಗ್ಲಿಲ್ವಾ? ಆಳಾಗೋಯ್ತು ಒಂದ್ ಉಳ." ನಾನೂ ಬಿಡಲಿಲ್ಲ. ಹೇಗೂ ಅದು ಬೆಟ್ಟದ್ದೇ ಎಂದು ನಿಮಗೂ ಗೊತ್ತು, ಬರೆದರೇನು ಗಂಟು ಹೋಗುತ್ತದೆ ಎಂದು ರೇಗಿದೆ. "ಗೊತ್ತು ಅನ್ಕಂಡೇ ತಾನೆ ಆವತ್ತೂ ಬರ್ದಿದ್ದು," ಅಂದರು. ಹೇಮಂತನ ಹುಳಕ್ಕೆ "ಸಿಕ್ಕ ಜಾಗ ಗೊತ್ತಿಲ್ಲ" ಎಂಬ ಚೀಟಿ ಬಿತ್ತು. ಇವತ್ತಿಗೂ ಅದೇ ಇದೆ, ಅದನ್ನು ನೋಡಿದಾಗಲೆಲ್ಲ ನನಗೆ ಮುಖ ಸಣ್ಣದಾಗುತ್ತದೆ.

ಲೇಖನ, ಪೆಟ್ಟಿಗೆಗಳು ಏನಾದವು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರಘುನಂದನ್ ಹಳೆಯದನ್ನು ಹರಿದು ಹಾಕಿ ಹೊಸದು ಬರೆದರು. ಅಳಿದುಹೋದ ಬಣ್ಣ ಎಂಬ ದೊಡ್ಡ ಮಾತು ಹೋಯಿತು. ಬೆಟ್ಟ ಏರಿದಂತೆ ಬಣ್ಣ ಕಪ್ಪಾಗುತ್ತದೆ ಎಂಬ ಸಣ್ಣ ಮಾತು ಉಳಿಯಿತು. ಚೀಟಿಗಳು ಹೇಗೆ ತಪ್ಪಾದವು, ಹೇಗೆ ತಿದ್ದಲಾಯಿತು ಎಂದು ಒಂದು ಪ್ಯಾರಾ ಇದೆ. ಅದರಲ್ಲಿ ತಪ್ಪು ಮಾಡಿದವರ ಹೆಸರೂ ಇರಬೇಕೆಂದು ಪಟ್ಟಲಮ್ಮ ಹಟ ಹಿಡಿದು ಹಾಕಿಸಿಕೊಂಡರು. "ತಪ್ಗೂ ಎಸ್ರು ಆಕುಸ್ಕಂಡೋಳು ನೀನೊಬ್ಳೇ ಕಣಮ್ಮಿ," ಎಂದು ಹೊನ್ನಯ್ಯನವರು ಇಂದಿಗೂ ಆಡಿಕೊಳ್ಳುತ್ತಾರಂತೆ. ಲೇಖನ ಚಿಕ್ಕ ಪತ್ರಿಕೆಯೊಂದರಲ್ಲಿ ಬಂತು. ಹಿಂದಿನ ಕೋಣೆ ಕಂಪ್ಯೂಟರಿನ ಪಾಲಾಯಿತು. ಪ್ರಿನ್ಸಿಪಾಲರು ಗೊಣಗುತ್ತಲೇ ಪೆಟ್ಟಿಗೆಗಳಿಗೆ ಕನ್ನಡ ವಿಭಾಗದ ಗೋಡೆಯನ್ನು ಬಿಟ್ಟುಕೊಟ್ಟರು. ಈಗ ನನ್ನ ಕೋಣೆಯಲ್ಲಿ ನಾನೇ ಟೀ ಕುಡಿಯುವ ಹಾಗಿಲ್ಲ.

ಇಷ್ಟೆಲ್ಲ ಆಮೇಲಿನದು. ಹದಿನೆಂಟನೆಯ ದಿನ ಮಧ್ಯಾಹ್ನ ನಮಗೆ ಇನ್ನೂ ಒಂದು ಹುಳ ಬಾಕಿ ಇತ್ತು. ಚೀಟಿಯಲ್ಲಿ "ವೈದ್ಯನಾಥಪುರ, ಅಶೋಕ್" ಎಂದಿತ್ತು. ಫೋನ್ ನಂಬರ್ ಸಿಕ್ಕಿರಲಿಲ್ಲ. ಊರಿಗೇ ಹೋಗಿ ಅಂಗಡಿಯಲ್ಲಿ ಮನೆ ವಿಚಾರಿಸಿದೆವು. ಅಂಗಡಿಯಾತ ನಮ್ಮಿಬ್ಬರ ಮುಖವನ್ನೂ ನೋಡಿ, ಅಶೋಕ ಹೋಗಿ ಐದು ವರ್ಷವಾಯಿತು, ಹೈವೇಯಲ್ಲಿ ಬೈಕಿಗೆ ಲಾರಿ ಹೊಡೆಯಿತು, ತಾಯಿ ಬೆಳ್ಳಮ್ಮ ಆ ಹಂಚಿನ ಮನೆಯಲ್ಲಿದ್ದಾಳೆ ಅಂದ.

ನಾನು ಸ್ಕೂಟಿ ತಿರುಗಿಸಿದೆ. ಸತ್ತವನ ಹುಳ ಹಿಡಿದುಕೊಂಡು ಹೆತ್ತವಳ ಮುಂದೆ ನಿಲ್ಲುವುದುಂಟೇ? ಹೇಮಂತನ ಹುಳಕ್ಕೆ ಬರೆದ ಹಾಗೆ ಇದಕ್ಕೂ ಗೊತ್ತಿಲ್ಲ ಎಂದು ಬರೆದರಾಯಿತು. ಪಟ್ಟಲಮ್ಮ ಹತ್ತಲಿಲ್ಲ. ಅವರ ಕಣ್ಣು ತುಂಬಿತ್ತು. "ಆ ಉಡ್ಗ ನನ್ನ ಅಕ್ಕ ಅಂತಿದ್ದ ಮೇಡಮ್ಮೋರೆ. ಸತ್ತಿದ್ದೂ ಗೊತ್ತಾಗ್ಲಿಲ್ಲ ನಂಗೆ. ಉಳ ಬುಡಿ, ಒಂದ್ ಮಾತಾಡುಸ್ದೆ ಎಂಗೋಗನ?" ಎಂದು ಹಂಚಿನ ಮನೆಯ ಕಡೆ ನಡೆದೇಬಿಟ್ಟರು.

ಬೆಳ್ಳಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅರವತ್ತು ದಾಟಿದ, ಸಣಕಲು ಹೆಂಗಸು. ಕಾಲೇಜಿನಿಂದ ಬಂದೆವೆಂದ ತಕ್ಷಣ ಮೊರ ಬದಿಗಿಟ್ಟು ಚಾಪೆ ಹಾಸಿದರು. ಪಟ್ಟಲಮ್ಮ ಪಕ್ಕದಲ್ಲಿ ಕೂತು, ಒಂದು ಹಿಡಿ ಕಾಯಿ ತೆಗೆದುಕೊಂಡು ತಾವೂ ಸುಲಿಯುತ್ತ, ಅಶೋಕ ಲ್ಯಾಬಿನಲ್ಲಿ ಹೇಗಿದ್ದ, ಕಪ್ಪೆಗೆ ಹೇಗೆ ಹೆದರುತ್ತಿದ್ದ ಎಂದೆಲ್ಲ ಹೇಳಿದರು. ಬೆಳ್ಳಮ್ಮ ನಕ್ಕರು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ಮೊರದ ಕಾಯಿ ಮುಗಿದ ಮೇಲೆ ಪಟ್ಟಲಮ್ಮ ಟವೆಲು ಬಿಚ್ಚಿ ಪೆಟ್ಟಿಗೆ ತೆರೆದರು.

"ಅಕ್ಕ, ಇದು ಅವನಿಗೆ ಎಲ್ಲಿ ಸಿಕ್ತು ಅಂತ ನಿಮ್ಗೇನಾರ ಗೊತ್ತಾ?"

ಬೆಳ್ಳಮ್ಮ ಪೆಟ್ಟಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ನಾಲಿಗೆ ಕಚ್ಚಿಕೊಂಡು ಕೂತಿದ್ದೆ.

"ಅವನಿಗೆಲ್ ಸಿಕ್ತವ್ವ? ಇಡ್ದೋಳು ನಾನು. ಗವಿಯಮ್ಮನ್ಗೆ ಪರ ಮಾಡಕ್ಕೋಗಿದ್ವಿ. ಸೌದೆ ಮುರ್ಯಕ್ಕೆ ಅಂತ ನೆತ್ತಿ ಮೇಲೆ ಒರ್ತೆ ತಾವ್ಕೋದೆ. ಸೀರೆ ಅಂಚ್ಗೆ ಬಂದ್ ಕಚ್ಕತು. ಕಾಲೇಜಲ್ಲಿ ಕೇಳ್ತಾರೆ ಕಣವ್ವ ಅಂತಿದ್ದ, ತಂದ್ಕೊಟ್ಟೆ. ಇಪ್ಪತ್ ವರ್ಸದ ಕತ್ತೆ, ದಾರ ಕಟ್ಕಂಡು ಊರ್ಗಂಟ ಟ್ಯಾಕ್ಟ್ರಲ್ಲಿ ಗುಂಯ್ ಅನ್ನುಸ್ತಾ ಬಂದ!"

ಪಟ್ಟಲಮ್ಮ ಪೆಟ್ಟಿಗೆಯನ್ನು ಮಡಿಲಿಗೆ ತೆಗೆದುಕೊಂಡರು. ಚೀಲದಿಂದ ಖಾಲಿ ಚೀಟಿ, ಪೆನ್ನು ತೆಗೆದರು. ಹಳೆಯ ಚೀಟಿಯಲ್ಲಿ ಏನಿದೆ, ಅದೇಕೆ ತಪ್ಪು, ಇನ್ನು ಗವಿಬೆಟ್ಟವೆಂದೂ ಹಿಡಿದವರು ಬೆಳ್ಳಮ್ಮನೆಂದೂ ಬರೆಯಬೇಕು ಎಂದು ತಿಳಿಸಿ ಹೇಳಿದರು. ಬೆಳ್ಳಮ್ಮ ಅವರ ಕೈ ಹಿಡಿದುಕೊಂಡರು.

"ಜಾಗ ಏನಾರ ಬರ್ಕೊ ತಾಯಿ. ಎಸ್ರು ಮಾತ್ರ ಅವನ್ದೇ ಇರ್ಲಿ. ನಂದ್ಯಾಕೆ? ಅವನ್ನ ರೇಸನ್ ಕಾರ್ಡಿಂದ್ಲೂ ತೆಗ್ದವ್ರೆ, ಓಟಿನ್ ಪಟ್ಟೀಲೂ ಒಡ್ದಾಕವ್ರೆ. ಇದೊಂದ್ರಲ್ಲಿ ಐತೆ. ಇದ್ನೂ ತೆಗೀತೀಯಾ?"

ಬರೆದುಕೊಡಿ, ಅಮ್ಮ ಕೇಳಿದಂತೆ ಬರೆದುಕೊಡಿ ಎಂದು ನನಗೆ ಕೂಗಬೇಕೆನ್ನಿಸಿತು. ಹುಳದ ಬಣ್ಣಕ್ಕೂ ಹಿಡಿದವರ ಹೆಸರಿಗೂ ಏನು ಸಂಬಂಧ? ಆದರೆ ಪಟ್ಟಲಮ್ಮ ಬರೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಹದಿನೆಂಟು ದಿನ ಅಲೆದದ್ದು ಒಂದು ಸುಳ್ಳು ಅಳಿಸಲು. ಇನ್ನೊಂದನ್ನು ಗೊತ್ತಿದ್ದೂ ಬರೆಯುವ ಕೈ ಅದಲ್ಲ. ಪಟ್ಟಲಮ್ಮ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಮತ್ತೆ ತೆಗೆದರು. ಆಮೇಲೆ ಚೀಟಿಯನ್ನು ಮೊರದ ಬೆನ್ನ ಮೇಲಿಟ್ಟುಕೊಂಡು, ಬಾಗಿ, ಎಂದಿನ ಸಣ್ಣ ಅಕ್ಷರದಲ್ಲಿ ಬರೆಯತೊಡಗಿದರು. ಚೀಟಿ ಸಾಲದೆ ಹಿಂಬದಿಗೂ ಹೋಯಿತು. ಬರೆದು ಮುಗಿಸಿ ಬೆಳ್ಳಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಓದಿದರು.

"ಗವಿಬೆಟ್ಟದ ನೆತ್ತಿ, ಒರತೆಯ ಪಕ್ಕ. ಹಿಡಿದವರು ಬೆಳ್ಳಮ್ಮ, ವೈದ್ಯನಾಥಪುರ. ದಾರ ಕಟ್ಟಿ ತಂದು, ಸೂಜಿ ಚುಚ್ಚಿ, ಕಾಲೇಜಿಗೆ ಒಪ್ಪಿಸಿದವನು ಇವರ ಮಗ ಅಶೋಕ."

"ಇದ್ರಲ್ಲಿ ಸುಳ್ಳಿಲ್ಲ ಅಕ್ಕ," ಅಂದರು.

ಬೆಳ್ಳಮ್ಮ ಇನ್ನೊಂದು ಸಲ ಓದಿಸಿಕೊಂಡರು. ಮತ್ತೊಂದು ಸಲ. ಮೂರನೆಯ ಸಲವೂ ಪಟ್ಟಲಮ್ಮ ಒಂದಕ್ಷರ ಬಿಡದೆ ಓದಿದರು. ಬೆಳ್ಳಮ್ಮ ಚೀಟಿಯ ಮೇಲೆ ಬೆರಳಿಟ್ಟು, ತಮ್ಮ ಹೆಸರೆಲ್ಲಿದೆ, ಅವನದೆಲ್ಲಿದೆ ಎಂದು ಕೇಳಿ ತೋರಿಸಿಕೊಂಡರು.

"ಇಬ್ರೂವೆ ಇದೀವಲ್ವಾ ಅವ್ವ?"

"ಇದೀರಿ ಕಣಕ್ಕ. ಇಲ್ಲಿಂದ ಯಾರೂ ತೆಗ್ಯಂಗಿಲ್ಲ. ಅದ್ಕೆ ನಾನಿವ್ನಿ."